ತಿಂಗಳಿಗೆ ಒಂದು ಗಂಟೆ

ತಂಗಿಯ ಮೊಮ್ಮಗನಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಸಾಕು, ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಆಟದ ಕಾರನ್ನು ಓಡಿಸದೆ ಮಗುಚಿ ಹಾಕಿ, ಅದರ ಚಕ್ರವನ್ನೇ ತಿರುಗಿಸುತ್ತ ಅರ್ಧ ಗಂಟೆ ಕೂರುತ್ತಿದ್ದ. "ದೊಡ್ಡಮ್ಮಾ, ಇವನು ಯಾಕೋ ನನ್ನ ಮುಖಾನೇ ನೋಡಲ್ಲ" ಎಂದು ತಂಗಿಯ ಮಗಳು ಹೇಳಿಕೊಂಡಾಗ ನಾನು ಕೊಟ್ಟ ಉತ್ತರ ಈಗಲೂ ನನ್ನನ್ನು ಚುಚ್ಚುತ್ತದೆ. "ನಿಮ್ಮಪ್ಪನಿಗೂ ಮಾತು ಬಂದಿದ್ದು ಮೂರು ವರ್ಷಕ್ಕಂತೆ. ಗಂಡುಮಕ್ಕಳು ನಿಧಾನ ಕಣೇ. ಬಜೆ ತೇಯ್ದು ನೆಕ್ಕಿಸು, ಸರಿಹೋಗ್ತಾನೆ" ಎಂದುಬಿಟ್ಟಿದ್ದೆ.

ಅವಳು ನೆಕ್ಕಿಸಿದಳು. ಎಂಟು ತಿಂಗಳು ಹಾಗೇ ಕಳೆಯಿತು.

ಕಣ್ಣು ತೆರೆಸಿದವರು ಅಂಗನವಾಡಿ ಟೀಚರ್. ಮಕ್ಕಳ ತಪಾಸಣೆಗೆ ಬಂದ ಡಾಕ್ಟರ ಮುಂದೆ ಪುಟ್ಟನನ್ನು ಕೂರಿಸಿ, "ಇವನು ಬೇಕಾದ್ದನ್ನು ಬೆರಳು ಮಾಡಿ ತೋರಿಸಲ್ಲ ಸಾರ್. ನನ್ನ ಕೈಯನ್ನೇ ಎಳ್ಕೊಂಡು ಹೋಗ್ತಾನೆ" ಎಂದರು. ನಾವೆಲ್ಲ ಮಾತು ಬರಲಿಲ್ಲವೆಂದು ಕೊರಗುತ್ತಿದ್ದೆವು. ಆಕೆ ಅದಕ್ಕಿಂತ ಹಿಂದಿನ ಮೆಟ್ಟಿಲನ್ನು ಗಮನಿಸಿದ್ದರು. ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಆಟಿಸಂ ಎಂದು ಗೊತ್ತಾಯಿತು.

ಆ ಡಾಕ್ಟರು ತಾವಾಗಿ ಬಂದವರಲ್ಲ, ಸರ್ಕಾರದ ದುಡ್ಡಿನಲ್ಲಿ ಬಂದವರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 32 ಬಗೆಯ ತೊಂದರೆಗಳನ್ನು ಹುಡುಕುತ್ತಾರೆ. ಅವುಗಳಲ್ಲಿ ಆಟಿಸಂ ಕೂಡ ಒಂದು. ತಂಡದವರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರಬೇಕು. ತೊಂದರೆ ಕಂಡ ಮಗುವನ್ನು ಮುಂದೆ ನೋಡಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಒಂದು ಕೇಂದ್ರವಿದೆ. ಆಸ್ಪತ್ರೆಯಲ್ಲಿ ಡಿಇಐಸಿ ಎಂದು ಕೇಳಿದರೆ ತೋರಿಸುತ್ತಾರೆ. ಮಕ್ಕಳ ಡಾಕ್ಟರು, ಮಾತಿನ ತರಬೇತಿ ಕೊಡುವವರು, ಮನಃಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಎಲ್ಲ ಒಂದೇ ಸೂರಿನಡಿ, ಅದೂ ಉಚಿತವಾಗಿ ಸಿಗಬೇಕು ಎನ್ನುವುದು ಯೋಜನೆ. ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40.

ಓದುವುದಕ್ಕೆ ಚೆನ್ನಾಗಿದೆ. ಪುಟ್ಟನ ಕಥೆ ಕೇಳಿ.

ಅವನಿಗೆ ವಾರಕ್ಕೆ ಎರಡು ಸಲವಾದರೂ ಥೆರಪಿ ಬೇಕು ಎಂದರು. ಸಿಕ್ಕಿದ್ದು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ. ಅಂದರೆ ತಿಂಗಳಿಗೆ ಒಂದು ಗಂಟೆ. ಅಲ್ಲಿದ್ದ ಹುಡುಗಿಯನ್ನು ದೂರುವಂತಿಲ್ಲ. ಮಾತಿನ ತರಬೇತಿ ಕೊಡಲು ಇಡೀ ಜಿಲ್ಲೆಗೆ ಇದ್ದವಳು ಅವಳೊಬ್ಬಳೇ. ಕಿವಿ ಕೇಳದ ಮಕ್ಕಳು, ಸೀಳುತುಟಿಯ ಮಕ್ಕಳು, ನಮ್ಮ ಪುಟ್ಟನಂಥವರು ಎಲ್ಲರೂ ಅವಳ ಬಾಗಿಲಲ್ಲೇ ಸಾಲು ನಿಂತಿದ್ದರು. ಅವಳದೂ ಗುತ್ತಿಗೆ ಕೆಲಸ.

ತಂಗಿಯ ಮಗಳ ಊರಿನಿಂದ ಜಿಲ್ಲಾ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಶಕ್ತಿ ಯೋಜನೆ ಬಂದಿದ್ದರಿಂದ ಟಿಕೆಟ್ಟಿನ ದುಡ್ಡು ಉಳಿಯಿತು. ದಿನ ಉಳಿಯಲಿಲ್ಲ. ಅರ್ಧ ಗಂಟೆಯ ಪಾಠಕ್ಕೆ ಬೆಳಗ್ಗೆ ಏಳಕ್ಕೆ ಹೊರಟರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಬಸ್ಸಿನ ಹಾರನ್ನಿಗೆ ಬೆಚ್ಚಿ ಕಿರುಚುವ ಮಗುವನ್ನು ಮಡಿಲಲ್ಲಿ ಅವಚಿಕೊಂಡು, "ಮಗೂನ ಹೀಗಾ ಬೆಳೆಸೋದು?" ಎನ್ನುವವರ ಮಾತನ್ನೂ ಕೇಳಿಸಿಕೊಂಡು ಹೋಗಿಬರಬೇಕು. ಅವಳ ಹೊಲಿಗೆ ಕೆಲಸ ನಿಂತೇಹೋಯಿತು. ಉಚಿತ ಎಂಬ ಮಾತಿನಲ್ಲಿ ತಾಯಿಯ ದಿನಗೂಲಿಯ ಲೆಕ್ಕ ಬರುವುದಿಲ್ಲ.

ಆದರೂ ಆ ಒಂದು ಗಂಟೆ ವ್ಯರ್ಥವಾಗಲಿಲ್ಲ. ಥೆರಪಿಯ ಹುಡುಗಿ ಜಾಣೆ. "ನಾನು ಇವನಿಗೆ ಕಲಿಸೋದಕ್ಕಿಂತ ನಿಮಗೆ ಕಲಿಸ್ತೀನಿ ಅಕ್ಕಾ, ನೀವು ದಿನವೆಲ್ಲ ಇವನ ಜೊತೆ ಇರ್ತೀರಲ್ಲ" ಎಂದಳಂತೆ. ಡಬ್ಬಿಯಲ್ಲಿ ಮಂಡಕ್ಕಿ ಹಾಕಿ ಕೈಗೆ ಎಟುಕದ ಹಾಗೆ ಇಡುವುದು, ಮಗು ನೋಡುವವರೆಗೆ ಕಾಯುವುದು, ನೋಡಿದ ಕೂಡಲೇ "ಮಂಡಕ್ಕಿ ಬೇಕಾ?" ಎಂದು ಕೊಡುವುದು. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ, ಊಟದ ಹೊತ್ತಿನಲ್ಲಿ ಅದೇ ಪಾಠ. ತಂಗಿಯ ಮಗಳು ಹಟ ಹಿಡಿದು ಮಾಡಿದಳು.

ಇದನ್ನು ನೋಡಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಗಿದೆ. ಮಕ್ಕಳನ್ನು ಗುರುತಿಸಲು ಸರ್ಕಾರ ಊರಿನ ಬಾಗಿಲಿಗೇ ಬರುತ್ತದೆ. ಗುರುತಿಸಿದ ಮೇಲೆ ಮಾತ್ರ ಮಗುವೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಹಣ ಹರಿಯಬೇಕಾದದ್ದು ಇಲ್ಲಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನವಾದರೂ ಥೆರಪಿ ಕೊಡುವವರು ಕೂರಲಿ. ಅವರಿಗೆ ಕಾಯಂ ಕೆಲಸವಿರಲಿ. ತಾಯಂದಿರಿಗೆ ಕಲಿಸುವುದು ಒಬ್ಬ ಹುಡುಗಿಯ ಒಳ್ಳೆಯತನವಾಗದೆ ಯೋಜನೆಯ ಭಾಗವಾಗಲಿ. ಎರಡು ಮೂರು ವರ್ಷದ ಮಗುವಿನ ಮಿದುಳು ಬೇಗ ಕಲಿಯುತ್ತದೆ. ಆಗ ಕೊಡದ ಗಂಟೆಗಳನ್ನು ಹತ್ತನೇ ವರ್ಷದಲ್ಲಿ ಬಡ್ಡಿ ಸಮೇತ ಕೊಟ್ಟರೂ ಅಷ್ಟು ಫಲ ಸಿಗುವುದು ಕಷ್ಟ.

ಅಲ್ಲಿಯವರೆಗೆ ಇರುವುದನ್ನಾದರೂ ಬಿಡದೆ ಪಡೆಯೋಣ. ವರ್ಷ ತುಂಬಿದ ಮಗು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ಮಾಡಿ ತೋರಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಕಾಯಬೇಡಿ. ಮಗು ಅಂಗನವಾಡಿಗೆ ಹೋಗದೆ ಮನೆಯಲ್ಲೋ ಖಾಸಗಿ ಶಿಶುವಿಹಾರದಲ್ಲೋ ಇದ್ದರೆ ತಪಾಸಣೆಯ ತಂಡದ ಕಣ್ಣಿಗೆ ಬೀಳುವುದು ಕಷ್ಟ, ನೀವೇ ಕರೆದುಕೊಂಡು ಹೋಗಿ. ಥೆರಪಿ ಶುರುಮಾಡಲು ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ಆದರೆ ಆಟಿಸಂ ಖಚಿತವಾದ ಮೇಲೆ ಅದನ್ನು ಮಾಡಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಥೆರಪಿಯೂ ಸೇರಿದಂತೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಮೊದಲು ನಾವು ಖರ್ಚು ಮಾಡಿ ಆಮೇಲೆ ಬಿಲ್ಲು ಕೊಡಬೇಕು, ಆದ್ದರಿಂದ ಒಂದು ಚೀಟಿಯನ್ನೂ ಕಳೆಯಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ಮಕ್ಕಳನ್ನು ನೋಡುತ್ತಾರೆ.

ಹಾಗೆಯೇ, ಇದು ತಾಯಿ ಬೆಳೆಸಿದ ರೀತಿಯಿಂದ ಬಂದದ್ದಲ್ಲ. ದೊಡ್ಡವರಾದ ನಾವು ಮೊದಲು ಆ ಮಾತು ನಿಲ್ಲಿಸಬೇಕು.

ಪುಟ್ಟನಿಗೆ ಈಗ ನಾಲ್ಕು ವರ್ಷ. ಮಾತು ಇನ್ನೂ ಬೆರಳೆಣಿಕೆಯಷ್ಟೇ. ಕಳೆದ ತಿಂಗಳು ಹೋದಾಗ ಗೊನೆಯಲ್ಲಿ ತೂಗುತ್ತಿದ್ದ ಬಾಳೆಹಣ್ಣನ್ನು ಬೆರಳು ಮಾಡಿ ತೋರಿಸಿದ. ಆಮೇಲೆ ತಿರುಗಿ, ನನ್ನ ಮುಖ ನೋಡಿದ. ಹಣ್ಣು ಕಿತ್ತುಕೊಟ್ಟೆ. ನಾನು ಕಳೆದ ಆ ಎಂಟು ತಿಂಗಳು ನೆನಪಾಗಿ ಕಣ್ಣು ಮಂಜಾಯಿತು.