ಅಜ್ಜಿಯ ಮಾತಿಗೆ ಉತ್ತರ ಯಾವ ಭಾಷೆಯಲ್ಲಿ?

ರಜೆಯಲ್ಲಿ ಊರಿನಿಂದ ಹೆಬ್ಬಾಳಕ್ಕೆ ಬಂದ ಅಜ್ಜಿ ಮೊಮ್ಮಗನೊಡನೆ ಬ್ಯಾರಿಯಲ್ಲಿ ಮಾತನಾಡುತ್ತಾರೆ. ಅವನಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಕನ್ನಡ, ನೆರೆಮನೆಯಲ್ಲಿ ಉರ್ದು. ಬ್ಯಾರಿಗೆ ಉಳಿದಿರುವುದು ಊಟದ ಹೊತ್ತು ಮತ್ತು ಊರಿನ ಫೋನ್ ಕರೆ. ಅವನ ಮಕ್ಕಳಿಗೆ ಅರ್ಥವೂ ಆಗದೇ ಹೋಗಬಹುದು.

ನಮ್ಮ ಭಾಷೆಗೆ ಮಾನ್ಯತೆ ಸಿಕ್ಕಿಲ್ಲ ಎಂದು ಈಗ ಹೇಳುವಂತಿಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ಅದರ ನೆನಪಿಗೆ ಅಕ್ಟೋಬರ್ 3ನ್ನು ಬ್ಯಾರಿ ಭಾಷಾ ದಿನವಾಗಿ ಆಚರಿಸುತ್ತೇವೆ. 2011ರ 'ಬ್ಯಾರಿ' ಚಿತ್ರ ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಿತು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬ್ಯಾರಿ ಅಧ್ಯಯನ ಪೀಠವಿದೆ. ಆದರೂ ಮಕ್ಕಳು ಸ್ನಾತಕೋತ್ತರ ಓದಿಗೆ ಬ್ಯಾರಿ ವಿಷಯ ಎತ್ತಿಕೊಂಡರೆ ಮನೆಯಲ್ಲೇ ಪ್ರಶ್ನೆ: "ಅದ್ರಿಂದ ಎಂಥ ಕೆಲಸ ಸಿಗ್ತದೆ?"

ಈ ಪ್ರಶ್ನೆಗೆ ದೂರದ ಫಿನ್ಲೆಂಡಿನಲ್ಲಿ ಒಂದು ಉತ್ತರವಿದೆ. ಅಲ್ಲಿನ ಉತ್ತರ ಭಾಗದ ಇನಾರಿ ಸರೋವರದ ಸುತ್ತ ಇನಾರಿ ಸಾಮಿ ಎಂಬ ಭಾಷೆಯಿದೆ. ಅದು ಫಿನ್ನಿಷ್, ಹಂಗೇರಿಯನ್ ಸೇರಿರುವ ಯುರಾಲಿಕ್ ಭಾಷಾ ಕುಟುಂಬದ್ದು. ಆಡುವವರು ಕೆಲವೇ ನೂರು ಮಂದಿ. 1997ರಲ್ಲಿ ಪುಟ್ಟ ಮಕ್ಕಳಿಗಾಗಿ 'ಭಾಷಾ ಗೂಡು' ಎಂಬ ಶಿಶುವಿಹಾರ ತೆರೆದರು. ಅಲ್ಲಿ ಸಾಮಿಯಲ್ಲೇ ಮಾತು. ಆದರೆ ಮುಂದೆ ಆ ಮಕ್ಕಳಿಗೆ ಕಲಿಸುವವರು ಸಾಲಲಿಲ್ಲ. ನಡುವಿನ ತಲೆಮಾರು ಭಾಷೆ ಬಿಟ್ಟುಬಿಟ್ಟಿತ್ತು. 2009-10ರಲ್ಲಿ ಔಲು ವಿಶ್ವವಿದ್ಯಾಲಯದ ಸಾಮಿ ಅಧ್ಯಯನ ಸಂಸ್ಥೆ 17 ವಯಸ್ಕರಿಗೆ ಒಂದು ವರ್ಷದ ಶಿಕ್ಷಣ ಏರ್ಪಡಿಸಿತು. ಅವರು ತರಗತಿಯಲ್ಲಿ ಕಲಿತರು, ಹಿರಿಯರ ಜತೆ ಅಡುಗೆ ಮಾಡುತ್ತಾ, ಮೀನು ಹಿಡಿಯುತ್ತಾ ಮಾತನ್ನೂ ಕಲಿತರು. ಅದೇ ಕಲಿಕೆಯಿಂದ ಶಿಕ್ಷಕರು, ಪತ್ರಕರ್ತರು ಬಂದರು.

ಅದೇ ಕುಟುಂಬದ ಲಿವೋನಿಯನ್ ಭಾಷೆಯ ಕಥೆ ಬೇರೆ. ಅದನ್ನು ತಾಯ್ನುಡಿಯಾಗಿ ಕಲಿತವರಲ್ಲಿ ಕೊನೆಯವರೆಂದು ಗುರುತಿಸಲಾದ ಗ್ರಿಜೆಲ್ಡಾ ಕ್ರಿಸ್ಟಿನಾ 2013ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಲಾಟ್ವಿಯಾ ವಿಶ್ವವಿದ್ಯಾಲಯದಲ್ಲಿ ಲಿವೋನಿಯನ್ ಸಂಸ್ಥೆ ಶುರುವಾದದ್ದು 2018ರಲ್ಲಿ. ಸಂಸ್ಥೆ ಬಂತು, ಅಜ್ಜಿ ಇರಲಿಲ್ಲ.

ನಮ್ಮಲ್ಲಿ ಅಜ್ಜಿಯಂದಿರು ಇನ್ನೂ ಇದ್ದಾರೆ. ಪೀಠವೂ ಇದೆ. ಇವೆರಡರ ನಡುವೆ ಓಡಾಡುವ ವಿದ್ಯಾರ್ಥಿಗಳು ಬೇಕು. ನಮ್ಮ ಸಮುದಾಯದವರಲ್ಲದ ಡಾ. ಸುಶೀಲಾ ಪಿ. ಉಪಾಧ್ಯಾಯರು ಕರಾವಳಿ ಕರ್ನಾಟಕ ಮತ್ತು ಕೇರಳದ ಮುಸ್ಲಿಮರ ಆಡುಮಾತನ್ನು ಶ್ರಮಪಟ್ಟು ಅಧ್ಯಯನ ಮಾಡಿದರು. ಅವರ ಲೇಖನ 1996ರಲ್ಲಿ ಉಡುಪಿಯಿಂದ ಪ್ರಕಟವಾಯಿತು. ನಮ್ಮ ಮನೆಯ ಮಕ್ಕಳಿಗೆ ಅದು ಆಗದ ಕೆಲಸವೇ? ಮಲಯಾಳಂಗೆ ಹತ್ತಿರದ ಈ ಮಾತಿನಲ್ಲಿ ಳ-ಲ, ಣ-ನ ಭೇದ ಹೇಗೆ ಅಳಿಯಿತು? ತಟ್ಟೆಗೆ 'ಸಾನ್' ಎನ್ನುವ ಅರಬಿ ಮೂಲದ ಪದ ನಮ್ಮ ಅಡುಗೆಮನೆಗೆ ಹೇಗೆ ಬಂತು? ಬೆಂಗಳೂರಿಗೆ ಬಂದ ಬ್ಯಾರಿ ಕುಟುಂಬಗಳು ಉರ್ದುವಿನ ಜತೆ ಹೇಗೆ ಬಾಳುತ್ತಿವೆ? ಭಾಷಾಶಾಸ್ತ್ರ, ಕನ್ನಡ, ಜಾನಪದ, ಸಮಾಜಶಾಸ್ತ್ರ ಓದುವ ಯಾರಿಗೂ ಇವು ಒಳ್ಳೆಯ ಪ್ರಬಂಧದ ವಿಷಯಗಳೇ.

ಹಾಗೆಂದು ಎಲ್ಲವನ್ನೂ ವಿಶ್ವವಿದ್ಯಾನಿಲಯದ ಹೆಗಲಿಗೆ ಹಾಕಿ ನಾವು ಕೈತೊಳೆದುಕೊಳ್ಳಬಾರದು. ಇನಾರಿಯ ಪಾಠ ಸ್ಪಷ್ಟ: ನಡುವಿನ ತಲೆಮಾರು, ಅಂದರೆ ಇವತ್ತಿನ ತಂದೆ-ತಾಯಿ, ಮಾತು ಬಿಟ್ಟರೆ ಮತ್ತೆ ಕಟ್ಟುವುದು ಬಲು ಕಷ್ಟ. ಮನೆಯಲ್ಲಿ ಬ್ಯಾರಿ ಆಡಿದರೆ ಮಗುವಿನ ಇಂಗ್ಲಿಷ್ ಕೆಡುವುದಿಲ್ಲ. ನಾಲ್ಕು ಭಾಷೆ ಆಡುತ್ತಲೇ ನಾವೂ ಬೆಳೆದವರಲ್ಲವೇ?

ಮುಂದಿನ ಸಲ ಅಜ್ಜಿ ಬಂದಾಗ ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿ. ಅದಕ್ಕೂ ಮೊದಲು ಇವತ್ತೇ ಊಟಕ್ಕೆ ಕೂತಾಗ ಮಕ್ಕಳಲ್ಲಿ ಬ್ಯಾರಿಯಲ್ಲಿ ಮಾತಾಡಿ, ಬ್ಯಾರಿಯಲ್ಲೇ ಉತ್ತರ ಕೇಳಿ. ತಪ್ಪಾದರೆ ನಗಬೇಡಿ. ನಕ್ಕರೆ ಮಗು ಬಾಯಿ ತೆರೆಯುವುದಿಲ್ಲ.