ಆರೈಕೆ ಮಾಡುವವರಿಗೂ ಭವಿಷ್ಯ ಬೇಡವೇ?

ವೃದ್ಧ ಹೆತ್ತವರ ಬಗ್ಗೆ ಬೇಸರದ ಒಂದು ಉದ್ಗಾರವೂ ಮಕ್ಕಳ ಬಾಯಿಂದ ಹೊರಡಬಾರದೆಂಬುದು ಪವಿತ್ರ ಕುರ್‌ಆನ್‌ನ (17:23) ತಾಕೀತು. ಶುಕ್ರವಾರದ ಖುತ್ಬಾಗಳಲ್ಲಿ ಇದನ್ನು ಕೇಳದವರಿಲ್ಲ. ಆದರೆ ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದು, ಊರಿನ ದೊಡ್ಡ ಮನೆಯಲ್ಲಿ ತಂದೆ-ತಾಯಿ ಇಬ್ಬರೇ ಉಳಿದಿರುವಾಗ ಆ ತಾಕೀತನ್ನು ದಿನನಿತ್ಯ ಪಾಲಿಸುತ್ತಿರುವವರು ಯಾರು? ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವ, ಮಲಮೂತ್ರ ಶುಚಿಗೊಳಿಸುವ, ನಿದ್ದೆಗೆಟ್ಟು ಔಷಧ ಕೊಡುವ ಹೋಮ್ ನರ್ಸ್‌ಗಳು.

ಇವರ ಅಗತ್ಯ ಇನ್ನಷ್ಟು ಹೆಚ್ಚಲಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ. 2050ರ ವೇಳೆಗೆ ಪ್ರತಿ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಅಂದಾಜು. 2007ರ ಹಿರಿಯ ನಾಗರಿಕರ ಕಾಯ್ದೆಯು ಹೆತ್ತವರ ಪೋಷಣೆಯ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತು. ಮಕ್ಕಳ ಪರವಾಗಿ ಆ ಹೊಣೆ ಹೊತ್ತವಳ ಭವಿಷ್ಯದ ಬಗ್ಗೆ ಅದು ಮೌನವಾಗಿದೆ.

ಸಂಬಳ ಕಡಿಮೆಯೆಂಬ ದೂರು ಹಳೆಯದು. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಈ ದುಡಿಮೆಯಲ್ಲಿ ಮೇಲೇರಲು ಮೆಟ್ಟಿಲೇ ಇಲ್ಲ. ಹತ್ತು ವರ್ಷ ರೋಗಿಯ ಬಳಿ ಕಳೆದವಳಿಗೂ ನಿನ್ನೆ ಬಂದವಳಿಗೂ ಒಂದೇ ಸ್ಥಾನ. ಎರಡು ವರ್ಷಗಳ ಎ.ಎನ್.ಎಂ. ಶಿಕ್ಷಣಕ್ಕೆ ಸೇರಬೇಕಾದರೆ ದ್ವಿತೀಯ ಪಿಯುಸಿ ತೇರ್ಗಡೆಯಾಗಿರಬೇಕು, ವಯಸ್ಸು 35 ದಾಟಿರಬಾರದು. ಬಡತನದಿಂದಾಗಿ ಶಾಲೆ ಬಿಟ್ಟು ದುಡಿಮೆಗಿಳಿದವಳ ಪಾಲಿಗೆ ಆ ಬಾಗಿಲು ಮುಚ್ಚಿದೆ. ಆಕೆಯ ಅನುಭವಕ್ಕೆ ಅಲ್ಲಿ ಬೆಲೆಯಿಲ್ಲ. ಕೌಶಲ ತರಬೇತಿಯ ಪ್ರಮಾಣಪತ್ರಗಳಿವೆಯಾದರೂ ಅವುಗಳನ್ನು ಕೇಳಿ, ಅದಕ್ಕೆ ತಕ್ಕ ಸಂಬಳ ಕೊಡುವ ಮನೆಗಳೆಷ್ಟು?

ಸಹಾಯಕಿ, ಹಿರಿಯ ಸಹಾಯಕಿ, ಮೇಲ್ವಿಚಾರಕಿ ಎಂಬ ಹಂತಗಳನ್ನು ಸರಕಾರ ಗುರುತಿಸಬೇಕು. ಪ್ರತಿ ಹಂತಕ್ಕೂ ತರಬೇತಿ ಮತ್ತು ವೇತನವನ್ನು ನಿಗದಿಪಡಿಸಬೇಕು. ಅನುಭವಿಗಳಿಗಾಗಿ ನರ್ಸಿಂಗ್ ಶಾಲೆಗಳಲ್ಲಿ ಕೆಲವು ಸೀಟುಗಳನ್ನು ಮೀಸಲಿಡಬೇಕು, ವಯೋಮಿತಿಯನ್ನು ಸಡಿಲಿಸಬೇಕು.

ಆದರೆ ಎಲ್ಲವನ್ನೂ ಸರಕಾರದ ಹೆಗಲಿಗೇರಿಸಿ ಕೈಕಟ್ಟಿ ಕೂರುವುದು ಸಮುದಾಯಕ್ಕೆ ಭೂಷಣವಲ್ಲ. ಮುಕ್ತ ಶಾಲೆಯ ಮೂಲಕ ಪಿಯುಸಿ ಮುಗಿಸಲು, ಬಳಿಕ ನರ್ಸಿಂಗ್ ಕಲಿಯಲು ಬಡ ಹೆಣ್ಣುಮಕ್ಕಳಿಗೆ ಜಮಾಅತ್‌ಗಳು ನೆರವಾಗಬಹುದು. ಬಡವರಿಗೆ ಹಂಚುವ ಝಕಾತ್‌ನ ಒಂದು ಪಾಲು ಅವರನ್ನು ಸ್ವಾವಲಂಬಿಗಳಾಗಿಸಲು ಬಳಕೆಯಾಗಲಿ. ಮನೆ ಯಜಮಾನರು ಕೆಲಸದ ಅವಧಿ, ವಾರದ ರಜೆ ಮತ್ತು ವರ್ಷಕ್ಕೊಮ್ಮೆ ಸಂಬಳ ಏರಿಕೆಯನ್ನು ಲಿಖಿತವಾಗಿ ಒಪ್ಪಿಕೊಳ್ಳಲಿ.

ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ನಮ್ಮ ತಾಯಂದಿರ ಸೇವೆ ಮಾಡುತ್ತಲೇ ಮುಪ್ಪಿಗೆ ಜಾರುವ ಹೆಣ್ಣುಮಗಳಿಗೆ ಅವಳ ಮುಪ್ಪಿನಲ್ಲಿ ಯಾರು ದಿಕ್ಕು? ಈ ಪ್ರಶ್ನೆಗೂ ನಾವು ಉತ್ತರಿಸಬೇಕಾಗಿದೆ.