ಒಂದೇ ಔಷಧಕ್ಕೆ ಎರಡು ಅಳತೆ ಏಕೆ?

ರಾಗಿ, ಭತ್ತಗಳನ್ನು ಪಾವು, ಸೇರು, ಕೊಳಗಗಳಲ್ಲಿ ಅಳೆಯುತ್ತಿದ್ದ ಕಾಲವೊಂದಿತ್ತು. ಒಂದು ಸೀಮೆಯ ಸೇರು ಮತ್ತೊಂದು ಸೀಮೆಯ ಸೇರಿಗೆ ಸಮನಾಗಿರುತ್ತಿರಲಿಲ್ಲ. ಈ ಗೊಂದಲದಲ್ಲಿ ಹೆಚ್ಚು ನಷ್ಟ ಅನುಭವಿಸುತ್ತಿದ್ದವನು ಲೆಕ್ಕ ಬಾರದ ಬಡವ. 1956ರಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಕಾಯ್ದೆಯನ್ನು ಅಂಗೀಕರಿಸಿ ಇಡೀ ದೇಶಕ್ಕೆ ಮೆಟ್ರಿಕ್ ಪದ್ಧತಿಯನ್ನು ತಂದಿತು. ಒಂದು ಮಾರುಕಟ್ಟೆಯಲ್ಲಿ ಒಂದೇ ವಸ್ತುವಿಗೆ ಎರಡು ಅಳತೆ ಇರಕೂಡದೆಂಬ ತತ್ವ ಅಂದೇ ಇತ್ಯರ್ಥವಾಯಿತು. ಆದರೆ ಪ್ರಾಣಕ್ಕೇ ಸಂಬಂಧಿಸಿದ ಒಂದು ವಸ್ತುವಿನ ವಿಷಯದಲ್ಲಿ ಈ ತತ್ವ ಇಂದಿಗೂ ಜಾರಿಗೆ ಬಂದಿಲ್ಲ. ಆ ವಸ್ತು ಮಧುಮೇಹಿಗಳು ಚುಚ್ಚಿಕೊಳ್ಳುವ ಇನ್ಸುಲಿನ್.

ನಮ್ಮ ಔಷಧ ಅಂಗಡಿಗಳಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. ಸಾಮಾನ್ಯವಾಗಿ ಬಡವರು ಕೊಳ್ಳುವ, ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಸೀಸೆಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಔಷಧವಿರುತ್ತದೆ. ಪೆನ್ನುಗಳಲ್ಲಿ ಬಳಸುವ ಕಾರ್ಟ್ರಿಜ್‌ಗಳಲ್ಲಿ ಹಾಗೂ ಕೆಲವು ಸೀಸೆಗಳಲ್ಲಿ ಅಷ್ಟೇ ದ್ರವದಲ್ಲಿ 100 ಯೂನಿಟ್ ಇರುತ್ತದೆ. ಮೊದಲನೆಯದನ್ನು ಯು-40 ಎಂದೂ ಎರಡನೆಯದನ್ನು ಯು-100 ಎಂದೂ ಕರೆಯುತ್ತಾರೆ. ಸಿರಿಂಜ್‌ಗಳಲ್ಲಿಯೂ ಇದೇ ಎರಡು ಬಗೆ. ಯು-40 ಸಿರಿಂಜಿನ ಮುಚ್ಚಳ ಕೆಂಪು, ಯು-100 ಸಿರಿಂಜಿನದು ಕಿತ್ತಳೆ ಬಣ್ಣ. ಮಂದ ಬೆಳಕಿನಲ್ಲಿ, ಮಧುಮೇಹದಿಂದಲೇ ಮಂಜಾದ ಕಣ್ಣುಗಳಿಗೆ ಈ ಎರಡು ಬಣ್ಣಗಳ ಅಂತರ ಎಷ್ಟು ಕಂಡೀತು?

ಸೀಸೆಗೂ ಸಿರಿಂಜಿಗೂ ಹೊಂದಿಕೆ ತಪ್ಪಿದರೆ ಆಗುವ ಅನಾಹುತ ಸರಳ ಗಣಿತದಿಂದಲೇ ತಿಳಿಯುತ್ತದೆ. ವೈದ್ಯರು 20 ಯೂನಿಟ್ ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಯು-100 ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತೊದಲು ಮಾತು ಕಾಣಿಸಿಕೊಳ್ಳಬಹುದು. ಪ್ರಜ್ಞೆ ತಪ್ಪಬಹುದು, ಪ್ರಾಣವೇ ಹೋಗಬಹುದು.

ಯು-40 ಔಷಧವನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಹೋಗುವುದು ಕೇವಲ 8 ಯೂನಿಟ್. ಇದು ಮೇಲ್ನೋಟಕ್ಕೆ ಕಡಿಮೆ ಅಪಾಯದ್ದೆಂದು ತೋರಿದರೂ ಒಳಗೊಳಗೇ ಹೆಚ್ಚು ಮೋಸದ್ದು. ಸಕ್ಕರೆ ಹತೋಟಿಗೆ ಬರುವುದಿಲ್ಲ. ಪ್ರಮಾಣ ಸಾಲದೆಂದು ಭಾವಿಸಿ ವೈದ್ಯರು ಅದನ್ನು 40ಕ್ಕೆ ಏರಿಸುತ್ತಾರೆ. ತಪ್ಪು ಸಿರಿಂಜಿನಲ್ಲಿ ಅದು 16 ಯೂನಿಟ್ ಆಗಿ ಹೇಗೋ ನಡೆಯುತ್ತದೆ. ಮುಂದೊಂದು ದಿನ ಅಂಗಡಿಯವನು ಸರಿಯಾದ ಸಿರಿಂಜನ್ನೇ ಕೊಡುತ್ತಾನೆ. ಅಂದು ರೋಗಿಯ ದೇಹಕ್ಕೆ ಪೂರ್ತಿ 40 ಯೂನಿಟ್ ಹೋಗುತ್ತದೆ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ ದಿನ ರೋಗಿ ನೆಲಕ್ಕುರುಳುತ್ತಾನೆ.

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇವರಲ್ಲಿ ಎಲ್ಲರಿಗೂ ಇನ್ಸುಲಿನ್ ಬೇಕಾಗುವುದಿಲ್ಲ, ನಿಜ. ಆದರೆ ಬೇಕಾದವರು ಒಂದು ಸಾಂದ್ರತೆಯಿಂದ ಇನ್ನೊಂದಕ್ಕೆ ದಾಟುವ ಸಂದರ್ಭಗಳು ಹಲವು. ಆಸ್ಪತ್ರೆಯಲ್ಲಿ ಪೆನ್ನಿನಿಂದ ಔಷಧ ಪಡೆದವರು ಮನೆಗೆ ಬಂದು ಸೀಸೆ ಕೊಳ್ಳುತ್ತಾರೆ. ಪೆನ್ನು ಕೆಟ್ಟಾಗ ಕಾರ್ಟ್ರಿಜ್‌ನಿಂದಲೇ ಸಿರಿಂಜಿಗೆ ಔಷಧ ಎಳೆಯುವವರಿದ್ದಾರೆ. ಎರಡೂವರೆ ಪಟ್ಟು ಔಷಧ ದೇಹ ಸೇರುವ ಅಪಾಯ ಇರುವುದು ಇಲ್ಲಿಯೇ. ವಿದೇಶದಲ್ಲಿರುವ ಮಕ್ಕಳು ತಂದುಕೊಡುವ ಸೀಸೆ ಬಹುಮಟ್ಟಿಗೆ ಯು-100. ಇದರ ಜೊತೆಗೆ, ಮಾನವ ಇನ್ಸುಲಿನ್ನಿನ ಪೆನ್ ಕಾರ್ಟ್ರಿಜ್‌ಗಳನ್ನು ಭಾರತದಲ್ಲಿ ಹಂತಹಂತವಾಗಿ ನಿಲ್ಲಿಸುವ ನಿರ್ಧಾರ ಒಂದು ಬಹುರಾಷ್ಟ್ರೀಯ ಕಂಪನಿಯಿಂದ 2025ರಲ್ಲಿ ಹೊರಬಿತ್ತು. ಪೆನ್ನಿನಿಂದ ಸೀಸೆಗೆ ಮರಳುವವರಿಗೆ ಈ ಎಚ್ಚರಿಕೆಯನ್ನು ಯಾರು ಹೇಳಬೇಕು?

ಅರ್ಥಶಾಸ್ತ್ರದಲ್ಲಿ ಮಾಹಿತಿಯ ಅಸಮತೆ ಎಂಬ ಮಾತಿದೆ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ತಾನಾಗಿ ಸರಿಹೋಗುವುದಿಲ್ಲ, ಪ್ರಭುತ್ವ ಮಧ್ಯಪ್ರವೇಶಿಸಬೇಕಾಗುತ್ತದೆ. ಬ್ರಿಟನ್ 1983ರಲ್ಲಿಯೇ ಯು-100ಕ್ಕೆ ಬದಲಾಯಿಸಿಕೊಂಡಿತು. ನಮ್ಮಲ್ಲಿ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯೂ ಮಾನವ ಇನ್ಸುಲಿನ್ನನ್ನು 40 ಯೂನಿಟ್ಟಿನ ಸಾಂದ್ರತೆಯಲ್ಲಿಯೇ ಹೆಸರಿಸುತ್ತದೆ. ಅದೇ ಪಟ್ಟಿಗೆ ಹೊಸದಾಗಿ ಸೇರಿದ ಗ್ಲಾರ್ಜಿನ್ ಇನ್ಸುಲಿನ್ 100 ಯೂನಿಟ್ಟಿನದು. ಎರಡು ಅಳತೆಗಳಿಗೂ ಸರ್ಕಾರದ ಮುದ್ರೆಯೇ ಬಿದ್ದಂತಾಗಿದೆ.

ಯು-40ರ ಪರವಾದ ವಾದವನ್ನೂ ಪರಿಶೀಲಿಸುವುದು ನ್ಯಾಯ. 10 ಮಿಲಿಲೀಟರಿನ ಯು-40 ಸೀಸೆಯಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 20 ಯೂನಿಟ್ ಬಳಸುವವರಿಗೆ ಅದು 20 ದಿನ ಬರುತ್ತದೆ. ಅದೇ ಗಾತ್ರದ ಯು-100 ಸೀಸೆಯಲ್ಲಿ 1000 ಯೂನಿಟ್. ಅದು 50 ದಿನಕ್ಕೆ ಸಾಲುತ್ತದೆ. ತೆರೆದ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳೊಳಗೆ ಮುಗಿಸಬೇಕಾದ್ದರಿಂದ ಉಳಿದದ್ದು ವ್ಯರ್ಥ. ಒಮ್ಮೆಗೆ ತೆರಬೇಕಾದ ಹಣವೂ ಹೆಚ್ಚು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಇದಕ್ಕೆ ಪರಿಹಾರ ಹಳೆಯ ಅಳತೆಗೆ ಅಂಟಿಕೊಳ್ಳುವುದಲ್ಲ, ಸೀಸೆಯನ್ನು ಚಿಕ್ಕದು ಮಾಡುವುದು. 3 ಮಿಲಿಲೀಟರಿನ ಯು-100 ಸೀಸೆಯಲ್ಲಿ 300 ಯೂನಿಟ್ ಇರುತ್ತದೆ. ಇದೇ ರೋಗಿಗೆ ಅದು 15 ದಿನ ಬರುತ್ತದೆ, ವ್ಯರ್ಥವಾಗುವುದಿಲ್ಲ. ಬೆಂಗಳೂರಿನ ಬಯೋಕಾನ್ 2004ರಲ್ಲಿಯೇ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿದೆ. ಇಷ್ಟು ಸಾಮರ್ಥ್ಯವುಳ್ಳ ದೇಶಕ್ಕೆ ಚಿಕ್ಕ ಸೀಸೆ ತುಂಬಿಸುವುದು ಅಸಾಧ್ಯವೇನಲ್ಲ.

ಆದ್ದರಿಂದ ಕೇಂದ್ರ ಸರ್ಕಾರವು ಯು-40ಕ್ಕೆ ಅಂತ್ಯ ಹಾಡುವ ದಿನಾಂಕವೊಂದನ್ನು ನಿಗದಿಪಡಿಸಬೇಕು. ಬದಲಾವಣೆಯ ಅವಧಿಯಲ್ಲಿ ಮನೆಗಳಲ್ಲಿ ಎರಡೂ ಬಗೆಯ ಸಾಮಗ್ರಿ ಇರುವುದರಿಂದ ಹಳೆಯ ಸಿರಿಂಜ್‌ಗಳನ್ನು ಹಿಂಪಡೆದು ಹೊಸದನ್ನು ಕೊಡುವ ವ್ಯವಸ್ಥೆ ಅಗತ್ಯ. ಅಲ್ಲಿಯವರೆಗೆ ರಾಜ್ಯ ಸರ್ಕಾರ ಮಾಡಬಹುದಾದದ್ದೂ ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ಇನ್ಸುಲಿನ್ ಮತ್ತು ಅದಕ್ಕೆ ಹೊಂದುವ ಸಿರಿಂಜ್ ಜೊತೆಯಾಗಿಯೇ ಸರಬರಾಜಾಗಬೇಕು. ಔಷಧ ಅಂಗಡಿಗಳಲ್ಲಿ ಎರಡನ್ನೂ ಹೋಲಿಸಿ ನೋಡದೆ ಮಾರಬಾರದು. ವೈದ್ಯರು ಚೀಟಿಯಲ್ಲಿ ಔಷಧದ ಸಾಂದ್ರತೆಯನ್ನೂ ಸಿರಿಂಜಿನ ಬಗೆಯನ್ನೂ ನಮೂದಿಸಬೇಕು. ಯೂನಿಟ್ ಎಂಬುದನ್ನು ಒಂದೇ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆದೀತು. ಆ ಪದವನ್ನು ಪೂರ್ತಿಯಾಗಿ ಬರೆಯುವುದು ಲೇಸು.

ರೋಗಿಗಳೂ ಅವರ ಮನೆಯವರೂ ಇಂದಿನಿಂದಲೇ ಪಾಲಿಸಬಹುದಾದ ನಿಯಮಗಳು ಕೆಲವೇ. ಪ್ರತಿ ಬಾರಿಯೂ ಸೀಸೆಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಎಂದು ಓದಿ ಖಚಿತಪಡಿಸಿಕೊಳ್ಳಬೇಕು. ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಂದಿಗೂ ಔಷಧ ಎಳೆಯಬಾರದು. ಮನೆಯಲ್ಲಿ ಒಂದೇ ಬಗೆಯ ಸಿರಿಂಜ್ ಇರಲಿ. ಬೆವರು, ನಡುಕ ಕಂಡರೆ ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಆದರೆ ರೋಗಿಯ ಎಚ್ಚರಿಕೆಯೊಂದನ್ನೇ ನಂಬಿ ವ್ಯವಸ್ಥೆ ಕೈಕಟ್ಟಿ ಕೂರುವಂತಿಲ್ಲ. ಕಣ್ಣು ಮಂಜಾದ ವೃದ್ಧೆಯೊಬ್ಬಳು ದಿನಕ್ಕೆರಡು ಬಾರಿ ಒಂದೂ ತಪ್ಪು ಮಾಡದೆ ಈ ಲೆಕ್ಕ ಹಾಕಬೇಕೆಂದು ನಿರೀಕ್ಷಿಸುವುದು ಆಡಳಿತವೆನಿಸುವುದಿಲ್ಲ. ರಾಗಿಯ ಅಳತೆಗೆ 1956ರಲ್ಲಿ ತೋರಿದ ಕಾಳಜಿಯನ್ನು ಸರ್ಕಾರ ಇನ್ಸುಲಿನ್ನಿಗೂ ತೋರಬೇಕಾಗಿದೆ.